ತುತ್ತೂರಿಯ ಎರಡನೇ ಗುಂಡಿ

ಹೊಳೆನರಸೀಪುರ
೯-೧೨-೧೯೫೭

ಅಪ್ಪಾ,

ನನ್ನ ಮದುವೆಯಲ್ಲಿ ನೀನು ನಮ್ಮವರಿಗೆ ಕೊಟ್ಟ ತುತ್ತೂರಿಯ ಮೂರು ಗುಂಡಿಗಳ ಪಿಸ್ಟನ್ನುಗಳನ್ನೂ ಅತ್ತೆ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿಬಿಟ್ಟಿದ್ದಾರೆ.

ಅವರ ಮೇಲೆ ಕೋಪ ಮಾಡಿಕೊಳ್ಳಬೇಡ. ಚಳಿಗಾಲ ಹಿಡಿದಾಗಿನಿಂದ ಗುಂಡಿ ಒತ್ತಿದರೆ ಕೆಳಗೆ ಹೋಗಿ ಅಲ್ಲೇ ಕೂತುಬಿಡುತ್ತಿತ್ತು. ಮೇಲೆ ಬರಲು ಬೆರಳಿನಿಂದ ಎಬ್ಬಿಸಬೇಕಾಗಿತ್ತು. ಒಳಗೆ ಏನು ಸೇರಿಕೊಂಡಿದೆಯೋ ನೋಡೋಣವೆಂದು ಮುಚ್ಚಳ ತಿರುಗಿಸಿ, ಮೂರನ್ನೂ ಹೊರಗೆಳೆದು, ಜಗಲಿಯ ಮೇಲೆ ಬಟ್ಟೆ ಹಾಸಿ ಇಟ್ಟಿದ್ದೆವು. ನಾನು ನೀರು ತರುವಷ್ಟರಲ್ಲಿ ಅವು ಚೆಂಬು ಗಿಂಡಿಗಳ ಸಾಲಿನಲ್ಲಿ ಬಿಸಿಲು ಕಾಯಿಸುತ್ತಿದ್ದವು. "ಎಂಗ್ ಕರ್ರಗಾಗಿದ್ವು ಅಂತೀಯ! ಈಗ ನೋಡವ್ವ, ಅಬ್ಬದ್ ಚೆಂಬಿದ್ದಂಗವೆ" ಎಂದರು ಅತ್ತೆ, ನಗುನಗುತ್ತಾ.

ಈಗ ಒಳಗೆ ಹಾಕಿದರೆ ಕರಕರ ಎನ್ನುತ್ತವೆ. ಮಾಘಮಾಸಕ್ಕೆ ಮದುವೆಗಳು ಶುರುವಾಗುತ್ತವೆ. ನಮ್ಮ ಬ್ಯಾಂಡಿಗೆ ಇರುವುದು ಇದೊಂದೇ ತುತ್ತೂರಿ. ನೀನು ಒಂದು ದಿನದ ಮಟ್ಟಿಗೆ ಬಂದು ನೋಡಿಕೊಟ್ಟು ಹೋಗು. ನಮ್ಮವರೂ ಅದನ್ನೇ ಹೇಳಿದರು.

ಹೊನ್ನಕ್ಕ


ಹಾಸನ
೧೪-೧೨-೧೯೫೭

ಹೊನ್ನಕ್ಕನಿಗೆ,

ಕಾಗದ ಬಂತು. ನಿನ್ನ ಅತ್ತೆ ಮಾರಮ್ಮನವರಿಗೆ ಗೊತ್ತಿಲ್ಲ, ಸರಿ. ನಿನ್ನ ಗಂಡ ದೇವಯ್ಯನಿಗೆ ಗೊತ್ತಿಲ್ಲವೇ? ತುತ್ತೂರಿಯ ಹೊಟ್ಟೆ ಬಿಚ್ಚಿ ಜಗಲಿಯ ಮೇಲೆ ಇಟ್ಟು ಹೋಗುವವನು ಎಂಥ ಬ್ಯಾಂಡಿನವನು? ನಾನಿದ್ದ ಸೈನ್ಯದ ಪಟಾಲಮ್ಮಿನಲ್ಲಿ ಹೀಗೆ ಮಾಡಿದ್ದರೆ ಬ್ಯಾಂಡ್ ಮಾಸ್ತರು ಅವನನ್ನು ಲಾಯ ಗುಡಿಸಲು ಕಳಿಸುತ್ತಿದ್ದರು.

ನಾನು ಬರಲಾಗುವುದಿಲ್ಲ. ಇಲ್ಲಿ ನಮ್ಮ ಬ್ಯಾಂಡಿಗೆ ಉಸಿರಾಡಲು ಪುರಸೊತ್ತಿಲ್ಲ. ಹೇಳಿದಂತೆ ಮಾಡಿ.

ಮೈ ತಾಳುವಷ್ಟು ಬೆಚ್ಚಗಿನ ನೀರು, ಕುದಿಯುವ ನೀರಲ್ಲ. ಮೈಗೆ ಹಚ್ಚುವ ಸೋಪಿನ ನೊರೆ. ಹಳೆಯ ಪಂಚೆಯ ಮೆತ್ತನೆ ತುಂಡಿನಲ್ಲಿ ಪಿಸ್ಟನ್ನು ಒರೆಸಬೇಕು, ತಿಕ್ಕಬಾರದು. ಪಿಸ್ಟನ್ನು ಕೂರುವ ಗೂಡಿನೊಳಗೂ ಅದೇ ಬಟ್ಟೆಯನ್ನು ಬಿದಿರು ಕಡ್ಡಿಗೆ ಸುತ್ತಿ ತಿರುಗಿಸಿ. ಇಟ್ಟಿಗೆಪುಡಿ ಒಂದು ಕಣ ಉಳಿದರೂ ಅದು ಗರಗಸದ ಹಾಗೆ ಕೊಯ್ಯುತ್ತದೆ. ಒಣಗಿದ ಮೇಲೆ ಹೊಲಿಗೆ ಮಿಷನ್ನಿಗೆ ಬಿಡುವ ಎಣ್ಣೆ, ಪ್ರತಿಯೊಂದಕ್ಕೂ ಎರಡು ಮೂರು ಹನಿ. ಕೊಬ್ಬರಿ ಎಣ್ಣೆ ಬಿಟ್ಟಿದ್ದೀರಿ ಎಂದು ನನ್ನ ಅನುಮಾನ. ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಗುಂಡಿ ಏಳದೆ ಇರುವುದಕ್ಕೆ ಅದೇ ಕಾರಣ.

ಪಿಸ್ಟನ್ನಿನ ಮೇಲೆ ಒಂದು ಎರಡು ಮೂರು ಎಂದು ಅಂಕಿ ಕೆತ್ತಿದೆ. ಒಂದರ ಗೂಡಿಗೆ ಇನ್ನೊಂದನ್ನು ಹಾಕಬೇಡಿ. ಅಂಕಿ ಊದುವವನ ಕಡೆ ನೋಡುವಂತೆ ಇಳಿಸಿ ಮೆಲ್ಲಗೆ ತಿರುಗಿಸಿದರೆ ಟಕ್ ಎಂದು ಕೂರುತ್ತದೆ.

ಇನ್ನು ಮುಂದೆ ದೇವಯ್ಯನೇ ಬರೆಯಲಿ.

ಕೆಂಚಯ್ಯ


ಹೊಳೆನರಸೀಪುರ
೫-೧-೧೯೫೮

ಅಪ್ಪಾ,

ನೀನು ಹೇಳಿದ್ದು ನಿಜ, ಕೊಬ್ಬರಿ ಎಣ್ಣೆಯನ್ನೇ ಬಿಟ್ಟಿದ್ದೆವು. ತೊಳೆದ ನೀರಿನಲ್ಲಿ ಹಸಿರು ಬಣ್ಣದ ಗಸಿ ಇಳಿಯಿತು. ಮೊದಲ ಸಲ ಪಿಸ್ಟನ್ನು ಟಕ್ ಎನ್ನುವವರೆಗೆ ತಿರುಗಿಸಿರಲಿಲ್ಲ. ಊದಿದರೆ ಗೋಡೆಗೆ ಊದಿದ ಹಾಗೆ ಉಸಿರೆಲ್ಲ ಎದೆಗೇ ವಾಪಸು ಬಂದು ಕಣ್ಣಿಗೆ ಕತ್ತಲೆ ಕಟ್ಟಿತು. ಆಮೇಲೆ ಸರಿಯಾಯಿತು.

ಒಂದನೆಯದೂ ಮೂರನೆಯದೂ ಈಗ ಪುಟಿಯುತ್ತವೆ. ಎರಡನೆಯದು ಮಾತ್ರ ಅರ್ಧಕ್ಕೆ ಬಂದು ನಿಂತುಕೊಳ್ಳುತ್ತದೆ. ಎಷ್ಟು ಎಣ್ಣೆ ಬಿಟ್ಟರೂ ಅಷ್ಟೇ. ಇನ್ನೊಂದು ಮಾತು. ಹೆಚ್ಚು ಹೊತ್ತು ಊದಿದರೆ ಮೇಲ್ತುಟಿ ಊದಿಕೊಂಡು, ಒಳಗೆ ಹಲ್ಲು ಒತ್ತಿ ಗಾಯವಾಗುತ್ತದೆ. ಅದಕ್ಕೆ ಏನು ಮಾಡಬೇಕು?

ನಮ್ಮವರಿಗೆ ಕೆಲಸ ಜಾಸ್ತಿ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಮೊನ್ನೆ ನಿಮ್ಮ ಹಾಸನದ ಬ್ಯಾಂಡು ಇಲ್ಲಿಗೇ ಬಂದಿತ್ತು. ಕೋಟೆ ಬೀದಿಯ ಉತ್ಸವಕ್ಕೆ. ನಿನ್ನನ್ನು ನೋಡಬಹುದೆಂದು ಸೆರಗು ಕಟ್ಟಿಕೊಂಡು ಓಡಿದೆ. ತುತ್ತೂರಿ ಊದುತ್ತಿದ್ದವನು ಬೇರೆ ಯಾರೋ. ನಮ್ಮ ಊರು ಎಂದು ತಿಳಿದೇ ನೀನು ಬರಲಿಲ್ಲವೇ ಅಪ್ಪಾ? ನಾವು ಏನು ಮಾಡಿದ್ದೇವೆ?

ಹೊನ್ನಕ್ಕ


ಹಾಸನ
೧೧-೧-೧೯೫೮

ಹೊನ್ನಕ್ಕನಿಗೆ,

ಆ ದಿನ ನನಗೆ ಬೇರೆ ಕಡೆ ಕೆಲಸವಿತ್ತು. ಅದನ್ನು ಬಿಡು.

ವರ್ಷಗಟ್ಟಲೆ ಊದಿದವನಿಗೆ ಮೇಲ್ತುಟಿ ಊದಿಕೊಳ್ಳುತ್ತದೆಯೇ? ಹಲ್ಲು ಒತ್ತುತ್ತದೆಯೇ? ಇದು ಊದಲು ಕಲಿಯುವವರ ನೋವು. ಇಲ್ಲವೇ ಊದುವುದು ಮರೆತವರದು. ನಾನು ಬ್ಯಾಂಡಿನಲ್ಲಿ ಎಷ್ಟು ಜನರನ್ನು ನೋಡಿಲ್ಲ! ತುಟಿ ಸಡಿಲವಾಗುವುದು, ಸಾಮಾನನ್ನು ಜಗಲಿಯ ಮೇಲೆ ಮರೆಯುವುದು, ಹೆಂಡತಿಯ ಕೈಯಲ್ಲಿ ಕಾಗದ ಬರೆಸುವುದು. ನಿನ್ನ ಗಂಡ ಕುಡಿಯುತ್ತಿದ್ದಾನೆ. ನನ್ನ ಮುಂದೆ ಮುಚ್ಚಿಡಬೇಡ.

ಎರಡನೆಯ ಪಿಸ್ಟನ್ನಿನ ಪಕ್ಕಕ್ಕೆ ಬೆರಳುದ್ದದ ಒಂದು ಕೊಳವೆ ಹೊರಚಾಚಿಕೊಂಡಿರುತ್ತದೆ. ತುತ್ತೂರಿ ಬಿದ್ದರೆ ಮೊದಲು ಪೆಟ್ಟು ತಿನ್ನುವುದು ಅದು. ಪೆಟ್ಟು ಬಿದ್ದರೆ ಪಿಸ್ಟನ್ನಿನ ಗೂಡೇ ಸೊಟ್ಟಗಾಗುತ್ತದೆ. ಆಮೇಲೆ ಎಣ್ಣೆ ಸುರಿದು ಫಲವಿಲ್ಲ. ತುತ್ತೂರಿ ಯಾವಾಗ ಬಿತ್ತು? ಯಾರು ಬೀಳಿಸಿದರು? ಮದುವೆಯಲ್ಲಿ ಕುಡಿದು ಬಿದ್ದನೇ?

ಸ್ಪ್ರಿಂಗನ್ನು ಒಂದಿಷ್ಟು ಹಿಗ್ಗಿಸಿ ಹಾಕಿ. ಸ್ವಲ್ಪ ದಿನ ನಡೆಯುತ್ತದೆ. ಸುತ್ತಿಗೆ, ಇಕ್ಕಳ ತಾಗಿಸಬೇಡಿ.

ಕೆಂಚಯ್ಯ


ಹೊಳೆನರಸೀಪುರ
೨೦-೧-೧೯೫೮

ಅಪ್ಪಾ,

ಅವರು ಕುಡಿಯುವುದಿಲ್ಲ. ಇನ್ನೊಂದು ಸಲ ಹಾಗೆ ಬರೆಯಬೇಡ.

ಸ್ಪ್ರಿಂಗ್ ಹಿಗ್ಗಿಸಿದ್ದೇವೆ.

ಹೊನ್ನಕ್ಕ


ಹಾಸನ
೨-೩-೧೯೫೮

ಹೊನ್ನಾ,

ನಿನ್ನೆ ನಾನು ಕಂಡದ್ದು ನಿಜವೋ ಸುಳ್ಳೋ ನೀನೇ ಹೇಳಬೇಕು.

ಏನೋ ಕೆಲಸದ ಮೇಲೆ ಶ್ರವಣಬೆಳಗೊಳಕ್ಕೆ ಹೊರಟಿದ್ದೆ. ಬಸ್ಸು ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣದ ಪೇಟೆಗೆ ಬಂದಾಗ ಎದುರಿಗೆ ಮದುವೆಯ ದಿಬ್ಬಣ. ಬಸ್ಸು ನಿಂತಿತು. ನಾನು ಕಣ್ಣುಮುಚ್ಚಿ ಕೂತಿದ್ದೆ. ತುತ್ತೂರಿ ಕೇಳಿಸಿತು. ಸ್ವರ ಓಡುತ್ತಾ ಓಡುತ್ತಾ ಒಂದು ಕಡೆ ಮಾತ್ರ ಕಾಲು ಎಡವಿದ ಹಾಗೆ ಆಗುತ್ತಿತ್ತು. ಎರಡನೆಯ ಗುಂಡಿ ತಡವಾಗಿ ಏಳುತ್ತಿದೆ ಅಂದುಕೊಂಡೆ. ಮರುಗಳಿಗೆಗೆ ಕಣ್ಣು ತೆರೆದೆ. ಅದು ನನ್ನ ತುತ್ತೂರಿ.

ದೇವಯ್ಯನನ್ನು ನೋಡೋಣವೆಂದು ಕಿಟಕಿಯಿಂದ ಬಗ್ಗಿದೆ. ಕೆಂಪು ಕೋಟು, ಪೇಟ. ಆದರೆ ದೇವಯ್ಯನ ಎತ್ತರವಿಲ್ಲ. ಕೋಟಿನ ಭುಜ ಇಳಿಬಿದ್ದಿತ್ತು. ಕೆನ್ನೆ ಉಬ್ಬಿಸದೆ, ಹುಬ್ಬು ಗಂಟಿಕ್ಕಿ ಊದುವ ರೀತಿ. ಅದು ನಿನ್ನ ತಾಯಿ ಒಲೆ ಊದುವಾಗಿನ ಮುಖ.

ಪಕ್ಕದಲ್ಲಿ ಕೂತಿದ್ದವನು "ಯಾಕಜ್ಜ, ಇಲ್ಲೇ ಇಳ್ಕೊತೀಯ?" ಎಂದ. ನಾನು ಇಳಿಯಲಿಲ್ಲ. ಬಸ್ಸು ಹೊರಟಿತು.

ಯಾರು ಅದು? ದೇವಯ್ಯ ಎಲ್ಲಿ?

ಕೆಂಚಯ್ಯ


ಹೊಳೆನರಸೀಪುರ
೮-೩-೧೯೫೮

ಅಪ್ಪಾ,

ಅದು ನಾನೇ.

ಕಾರ್ತಿಕದಲ್ಲಿ ಹಳ್ಳಿಮೈಸೂರಿನ ಹತ್ತಿರ ಒಂದು ಮದುವೆ. ದಿಬ್ಬಣ ಬಾಗಿಲಿಗೆ ಬಂದಿದೆ, ಇವರು ಊದುತ್ತಲೇ ಇದ್ದಾರೆ, ಇದ್ದಕ್ಕಿದ್ದ ಹಾಗೆ ತುತ್ತೂರಿಯಿಂದ ರಕ್ತ ಸುರಿಯಿತಂತೆ. ಜನ ಕಿರುಚಿ ಹಿಂದೆ ಸರಿದರಂತೆ. ಇವರು ಕುಸಿದುಬಿದ್ದರು, ತುತ್ತೂರಿ ಇವರ ಮೈ ಕೆಳಗೆ ಸಿಕ್ಕಿಕೊಂಡಿತು. ನೀನು ಕೇಳಿದೆಯಲ್ಲ, ಯಾವಾಗ ಬಿತ್ತು ಎಂದು. ಆಗ. ಗಾಡಿಯಲ್ಲಿ ಮನೆಗೆ ತಂದಾಗ ಕೋಟಿನ ಕೆಂಪು ಯಾವುದು, ರಕ್ತ ಯಾವುದು ನನಗೆ ತಿಳಿಯಲಿಲ್ಲ. ಈಗ ಮೈಸೂರಿನ ಕ್ಷಯದ ಆಸ್ಪತ್ರೆಯಲ್ಲಿದ್ದಾರೆ. ನಿನಗೆ ಬರೆಯಬೇಡ ಎಂದು ಆಣೆ ಹಾಕಿಸಿಕೊಂಡು ಹೋದರು. ಉಸಿರು ಹೋದವನಿಗೆ ಮಗಳನ್ನು ಕೊಟ್ಟೆ ಎಂದು ಮಾವ ನೊಂದುಕೊಳ್ಳುತ್ತಾರೆ ಎಂದರು.

ತುತ್ತೂರಿ ಇಲ್ಲದ ಬ್ಯಾಂಡನ್ನು ಯಾರು ಕರೆಯುತ್ತಾರೆ? ದೊಡ್ಡ ಡ್ರಮ್ಮಿನ ಶಿವಯ್ಯ ಎಲ್ಲ ಸಾಮಾನನ್ನೂ ಯಾರಿಗಾದರೂ ಕೊಟ್ಟುಬಿಡೋಣ ಎಂದು ಹೇಳಲು ಬಂದಿದ್ದ. ನಾನು ಊದುತ್ತೇನೆ ಎಂದೆ.

"ತಮಾಸೆ ಮಾಡ್ಬ್ಯಾಡ ಕಣವ್ವ. ಎಣ್ಣೆಂಗುಸು ತುತ್ತೂರಿ ಊದುದ್ನ ಯಾವೂರಲ್ಲಿ ಕಂಡಿದ್ದೀವಿ?"

"ಕಣ್ ಮುಚ್ಕೊಂಡು ಕೇಳು ಶಿವಣ್ಣ."

ನಿನಗೆ ನೆನಪಿದೆಯೋ ಇಲ್ಲವೋ, ನೀನು ಸಾಧನೆ ಮಾಡುವಾಗ ನಾನು ಪರಂಗಿ ಎಲೆಯ ದಂಟು ಹಿಡಿದು ಹಿತ್ತಲಲ್ಲಿ ನಿನ್ನ ಹಾಗೇ ಊದುತ್ತಿದ್ದೆ. ಮದುವೆಯಾದ ಮೇಲೆ ಇವರು ಕೂಲಿಗೆ ಹೋದಾಗ ಬಟ್ಟೆಗಂಟಿನಲ್ಲಿ ತುತ್ತೂರಿ ಸುತ್ತಿಕೊಂಡು ಹೊಳೆಗೆ ಹೋಗುತ್ತಿದ್ದೆ. ಹೇಮಾವತಿಯ ದಂಡೆಯಲ್ಲಿ ಕೇಳುವವರು ಯಾರು? ಹಾಗೆ ಕಲಿತದ್ದನ್ನು ಶಿವಯ್ಯನ ಮುಂದೆ ಊದಿದೆ. ಅವನು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ ಬಾಗಿಲಾಚೆ ನಿಂತಿದ್ದ ಬ್ಯಾಂಡಿನವರಿಗೆ "ಬರ್ರ್ಲಾ ಇಲ್ಲಿ. ಕೆಂಚಯ್ಯನ್ ಉಸ್ರು ಈ ಮನೇಲೇ ಅದೆ" ಎಂದ.

ಇವರಿಗೆ ಈ ವಿಷಯ ತಿಳಿಸಿಲ್ಲ. ನೀನು ಬಂದು ನಮ್ಮ ಬ್ಯಾಂಡಿನಲ್ಲಿ ಊದುತ್ತಿದ್ದೀಯ ಎಂದು ಬರೆದಿದ್ದೇನೆ. ರೇಗಬೇಡ. ಮುಂದಿನ ತಿಂಗಳು ಅರಕಲಗೂಡಿನ ನಂಜಪ್ಪನವರ ಮನೆಯ ಮದುವೆ ಇದೆ, ದೊಡ್ಡ ಮನೆ.

ಬಸ್ಸಿನಲ್ಲಿ ಕೂತು ನೋಡಿಯೂ ಯಾಕೆ ಇಳಿಯಲಿಲ್ಲ ಅಪ್ಪಾ? ಅಷ್ಟು ನಾಚಿಕೆಯಾಯಿತೇ?

ಹೊನ್ನಕ್ಕ


ಹಾಸನ
೧೨-೩-೧೯೫೮

ಹೊನ್ನಾ,

ದೇವಯ್ಯನ ಸುದ್ದಿ ಓದಿದೆ. ಅವನನ್ನು ಕುಡುಕ ಎಂದ ನನ್ನ ನಾಲಗೆಗೆ ಏನು ಹೇಳಲಿ.

ಆದರೆ ನೀನು ಅರಕಲಗೂಡಿಗೆ ಹೋಗಕೂಡದು. ಆ ಮನೆಗಳು ನನಗೆ ಗೊತ್ತು. ನಮ್ಮ ಗಂಡಸರೇ ಅವರ ಬಾಗಿಲಲ್ಲಿ ತಲೆ ಎತ್ತಿ ನಿಲ್ಲುವುದು ಕಷ್ಟ. ಪೇಟದೊಳಗೆ ಹೆಣ್ಣಿದೆ ಎಂದು ತಿಳಿದರೆ ನಿನ್ನನ್ನೂ ಶಿವಯ್ಯನನ್ನೂ ಸುಮ್ಮನೆ ಬಿಡುತ್ತಾರೆಯೇ? ಅಲ್ಲಿಗೆ ನಾನೇ ಬಂದು ಊದುತ್ತೇನೆ. ತುತ್ತೂರಿಯನ್ನು ಶಿವಯ್ಯ ತರಲಿ. ನೀನು ಮನೆಯಲ್ಲಿರು.

ಕೆಂಚಯ್ಯ


ಹೊಳೆನರಸೀಪುರ
೨೦-೪-೧೯೫೮

ಅಪ್ಪಾ,

ಅರಕಲಗೂಡಿನಿಂದ ಬರುವಾಗ ಬಸ್ಸಿನಲ್ಲಿ ನೀನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮಾತು ಮೀರಿ ನಾನೂ ಬಂದದ್ದು, ನೀನು ಊದುವುದನ್ನು ಇನ್ನೊಮ್ಮೆ ಹತ್ತಿರದಿಂದ ಕೇಳಬೇಕೆಂದು, ಅಷ್ಟೇ. ನೀನು ತಲೆಗೂ ಗಲ್ಲಕ್ಕೂ ಸೇರಿಸಿ ಟವೆಲ್ ಸುತ್ತಿಕೊಂಡು ಬಂದೆ. ಮಾತಾಡಿದರೆ ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ದಿಬ್ಬಣದ ಹೊತ್ತಿಗೆ "ಅಲ್ಲುನೋವು ಕಣವ್ವ. ಇವತ್ತೊಂದಿನ ನೀನೇ ಊದು" ಎಂದೆಯಲ್ಲ, ಆಗ ನನಗೆ ಎಂಥ ಕೋಪ ಬಂತು ಗೊತ್ತೇ? ಬರುತ್ತೇನೆ ಎಂದು ಬರೆದು, ಬಂದು, ಹಲ್ಲುನೋವಂತೆ! ಮಗಳ ಜೊತೆ ನಿಂತು ಊದಲು ಅಪ್ಪನಿಗೆ ಇಷ್ಟವಿಲ್ಲ ಎಂದುಕೊಂಡೆ. ಆ ಸಿಟ್ಟಿನಲ್ಲೇ ನಿನಗೆಂದು ತಂದಿದ್ದ ಕೋಟು, ಪೇಟ ಹಾಕಿದೆ, ಸಿಟ್ಟಿನಲ್ಲೇ ಊದಿದೆ.

ಚಪ್ಪರದ ಗರಿಗೆ ಸಿಕ್ಕಿ ಪೇಟ ಕಳಚಿಕೊಂಡಾಗ ಮೊದಲು ನನಗೆ ತಿಳಿಯಲೇ ಇಲ್ಲ. ಎದುರಿಗಿದ್ದ ಹೆಂಗಸರು ಬಾಯಿಯ ಮೇಲೆ ಕೈ ಇಟ್ಟುಕೊಂಡದ್ದು ಕಂಡಿತು. ಜಡೆ ಬೆನ್ನಿಗೆ ಬಡಿಯಿತು. ಡ್ರಮ್ಮು ನಿಂತಿತು.

"ಲೇ ಶಿವ್ಯಾ! ಏನ್ಲಾ ಇದು? ಎಂಗುಸ್ಗೆ ಏಸ ಕಟ್ಟಿ ನಮ್ ಬಾಗ್ಲಿಗೆ ತಂದಿದ್ದೀಯಾ?" ಎಂದು ಹೆಣ್ಣಿನ ಸೋದರಮಾವ ರಂಗಸ್ವಾಮಿ ಬಂದವರೇ ತುತ್ತೂರಿ ಕಿತ್ತುಕೊಂಡು ಬೀಸಿದರು. ಅದು ಕೈತೊಳೆಯುವ ಹಂಡೆಯ ಪಕ್ಕದ ಕೆಸರಿಗೆ ಹೋಗಿ ಬಿತ್ತು.

ನೀನು ಹೋಗಿ ಎತ್ತಿಕೊಂಡೆ. ಎಲ್ಲರ ಎದುರಿಗೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ. ಮುಚ್ಚಳ ತಿರುಗಿಸಿ ಎರಡನೆಯ ಪಿಸ್ಟನ್ನು ಹೊರಗೆಳೆದೆ. ಅದಕ್ಕೆ ಮರಳು ಹತ್ತಿತ್ತು. ಹಂಡೆಯ ನೀರಿನಲ್ಲಿ ತೊಳೆದು, ಸರಸರ ಎಂದು ಪಂಚೆಯ ತುದಿಯಲ್ಲಿ ಒರೆಸಿದೆ. ಒರೆಸಲು ಬಗ್ಗಿದಾಗ ನಿನ್ನ ಟವೆಲ್ ಬಿಚ್ಚಿಕೊಂಡಿತು.

ಅಪ್ಪಾ, ಪೇಟ ಬಿದ್ದಾಗ ಆಗದ ಆಘಾತ ನನಗೆ ಆಗ ಆಯಿತು. ಅದು ನಿನ್ನ ಮುಖವೇ ಅಲ್ಲ. ಒಂದು ಕಡೆಯ ಕೆನ್ನೆ ಜೋತುಬಿದ್ದಿದೆ. ಬಾಯಿ ಕಿವಿಯ ಕಡೆಗೆ ಎಳೆದುಕೊಂಡಿದೆ. ಒಂದು ಕಣ್ಣು ಮುಚ್ಚುತ್ತಲೇ ಇಲ್ಲ. ಗುಂಪಿನಲ್ಲಿ ಯಾರೋ "ಅಯ್ಯಯ್ಯೋ, ಲಕ್ವ ಒಡ್ದದೆ ಪಾಪ" ಎಂದರು. ಈ ಬಾಯಿ ಇಟ್ಟುಕೊಂಡು ನೀನು ಹಾಸನದಲ್ಲಿ ಪುರಸೊತ್ತಿಲ್ಲ ಎಂದು ಬರೆಯುತ್ತಿದ್ದೆಯಾ? ಬಸ್ಸಿನಿಂದ ಇಳಿಯದೆ ಇದ್ದದ್ದು ಇದಕ್ಕಾ?

ನೀನು ತಲೆ ಎತ್ತಲಿಲ್ಲ. ಜೇಬಿನಿಂದ ಎಣ್ಣೆ ಶೀಸೆ ತೆಗೆದು ಹನಿ ಬಿಟ್ಟೆ. ಪಿಸ್ಟನ್ನು ಇಳಿಸಿ ತಿರುಗಿಸಿದೆ. ಆ ಮೌನದಲ್ಲಿ ಟಕ್ ಎಂದದ್ದು ಎಲ್ಲರಿಗೂ ಕೇಳಿಸಿತು. ಎದ್ದು ಬಂದು ನನ್ನ ಕೈಗೆ ಕೊಟ್ಟೆ.

ತುಟಿಗಿಟ್ಟೆ. ಉಸಿರು ಬರಲಿಲ್ಲ. ನಿನ್ನ ಮುಖ ನೋಡಿದ ಮೇಲೆ ನನ್ನ ತುಟಿಯೂ ಹಾಗೇ ಆದಂತಿತ್ತು. ಆಗ ನೀನು ಆ ಸೊಟ್ಟ ಬಾಯಲ್ಲೇ "ಪೆಪ್ಪೆಂ ಪೆಪೆಪೇ" ಎಂದು ಮೊದಲ ಸಾಲು ಎತ್ತಿಕೊಟ್ಟೆ. ಗಾಳಿ ಪಕ್ಕದಿಂದ ಸೋರುತ್ತಿತ್ತು, ಜೊಲ್ಲು ಇಳಿಯುತ್ತಿತ್ತು. ಜನ ನಕ್ಕರು. ನಗುವವರನ್ನು ನೀನು ನೋಡಲೇ ಇಲ್ಲ. ಕೈ ಎತ್ತಿ ತಾಳ ಹಾಕುತ್ತಾ ಇನ್ನೊಮ್ಮೆ ಅಂದೆ. ಆ ನಗುವಿನ ಮಧ್ಯದಲ್ಲೇ ನಾನು ಹಿಡಿದುಕೊಂಡೆ.

ರಂಗಸ್ವಾಮಿಯವರು ಮತ್ತೆ ಮುಂದೆ ಬಂದಾಗ ನಂಜಪ್ಪನವರ ತಾಯಿ ಚಿಕ್ಕಲಕ್ಷ್ಮಮ್ಮ ಬಾಗಿಲಿನಿಂದ ಕೂಗಿದರಲ್ಲ, "ಸುಮ್ಕಿರ್ಲಾ ರಂಗ. ಗಂಡು ಬಾಗ್ಲಲ್ಲಿ ನಿಂತವ್ನೆ. ಈಗ ಬ್ಯಾರೆ ಬ್ಯಾಂಡ್ ಎಲ್ಲಿಂದ ತತ್ತೀಯ? ಊದವ್ವ ನೀನು", ಅದು ನನ್ನ ಮೇಲಿನ ಪ್ರೀತಿಗೆ ಅಂದದ್ದಲ್ಲ. ಕೆಲವರು ಊಟವನ್ನೂ ಮಾಡದೆ ಎದ್ದು ಹೋದರು. ನಮಗೆ ಎಂದಿನ ಹಾಗೆ ಹೊರಗೆ, ಕಣದ ಹತ್ತಿರ ಎಲೆ ಹಾಕಿದರು. ನೀನು ಒಂದೇ ಕಡೆಯ ದವಡೆಯಲ್ಲಿ ಅನ್ನ ಅಗಿಯುವುದನ್ನು ನೋಡುತ್ತಾ ಕೂತೆ.

ಯಾವಾಗಿನಿಂದ ಹೀಗೆ? ಅಡುಗೆ ಯಾರು ಮಾಡಿಕೊಡುತ್ತಾರೆ? ನನಗೆ ಎಲ್ಲವನ್ನೂ ಬರೆ.

ಹೊನ್ನಕ್ಕ


ಮೈಸೂರು
೧೯-೫-೧೯೫೮

ಹೊನ್ನಾ,

ಕೇಳಿದ್ದೀಯ, ಬರೆಯುತ್ತೇನೆ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರು ನಿಲ್ಲಲಿಲ್ಲ. ಕನ್ನಡಿಯಲ್ಲಿ ನೋಡಿ ನಾನೇ ಹೆದರಿದೆ. ಬ್ಯಾಂಡಿನವರು ನಾಲ್ಕು ದಿನ ಕಾದು ಇನ್ನೊಬ್ಬನನ್ನು ಕರೆದುಕೊಂಡರು. ಶ್ರವಣಬೆಳಗೊಳದ ಕಡೆಯ ನಾಟಿ ವೈದ್ಯ ಯುಗಾದಿಯ ಹೊತ್ತಿಗೆ ಬಾಯಿ ನೇರವಾಗುತ್ತದೆ ಎಂದಿದ್ದ. ನಂಬಿಯೇ ಅರಕಲಗೂಡಿಗೆ ಬರುತ್ತೇನೆ ಎಂದು ಬರೆದೆ. ಅಡುಗೆಯನ್ನು ಪಕ್ಕದ ಮನೆಯ ಬೆಟ್ಟಮ್ಮ ಮಾಡಿಕೊಡುತ್ತಾಳೆ. ಚಿಂತೆ ಮಾಡಬೇಡ.

ಇಲ್ಲಿಯ ದೊಡ್ಡಾಸ್ಪತ್ರೆಗೆ ತೋರಿಸಲು ಬಂದೆ. ಕಣ್ಣು ಈಗ ಅರ್ಧ ಮುಚ್ಚುತ್ತದೆ. ಇನ್ನೂ ಸುಧಾರಿಸಬಹುದು, ಆದರೆ ತುತ್ತೂರಿ ಹಿಡಿಯುವ ತುಟಿ ಬರುವುದಿಲ್ಲ ಎಂದರು. ನಿನ್ನೆ ಮಧ್ಯಾಹ್ನ ಕ್ಷಯದ ಆಸ್ಪತ್ರೆಗೆ ದೇವಯ್ಯನನ್ನು ನೋಡಲು ಹೋದೆ.

ಬಿಸಿಲಿಗೆ ಮಂಚ ಹಾಕಿಸಿಕೊಂಡು ಕೂತಿದ್ದ. ಮೈ ತುಂಬಿಕೊಂಡಿದ್ದಾನೆ. ನನ್ನನ್ನು ಕಂಡವನೇ ನಗಲು ಹೋಗಿ ಅರ್ಧಕ್ಕೇ ತಡೆದುಕೊಂಡ. ನೀನು ಅವನಿಗೆ ಬರೆದಿದ್ದ ಸುಳ್ಳು ನನಗೆ ಆ ಗಳಿಗೆಯವರೆಗೆ ಮರೆತೇ ಹೋಗಿತ್ತು.

"ಮಾವ, ಇದೇನ್ ಮಾವ ಬಾಯಿ?" ಅಂದ. ಆಮೇಲೆ ಮೆಲ್ಲಗೆ, "ಈ ಬಾಯಲ್ಲಿ ಎಂಗ್ ಊದ್ತಿದ್ದೀಯ?"

ನಾನು ಟವೆಲ್ ಸರಿಮಾಡಿಕೊಂಡೆ.

"ಮತ್ತೆ ಮದ್ವೆಗಳ್ಗೆ ಊದ್ತಿರಾದು ಯಾರು?"

ಹೇಳಿದೆ. ಚನ್ನರಾಯಪಟ್ಟಣದ್ದೂ ಹೇಳಿದೆ, ಅರಕಲಗೂಡಿನದೂ ಹೇಳಿದೆ, ತುತ್ತೂರಿ ಕೆಸರಿಗೆ ಬಿದ್ದದ್ದನ್ನೂ ಮುಚ್ಚಿಡಲಿಲ್ಲ. ಅವನ ಮುಖ ಬಿಳಿಚಿಕೊಂಡಿತು. ಕೆಮ್ಮು ಬಂತು. ನರ್ಸಮ್ಮ ಓಡಿ ಬಂದು ರೋಗಿಗೆ ಏನು ಹೇಳಿದಿರಿ ಎಂದು ನನ್ನನ್ನೇ ಬೈದಳು. ಅವಳು ಹೋದ ಮೇಲೆ ಅವನು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ನಾನು ಕೆಟ್ಟ ಕೆಲಸ ಮಾಡಿದೆ, ನಿನ್ನ ಸಂಸಾರ ಮುರಿದೆ ಎಂದುಕೊಂಡು ಟವೆಲ್ ಕೊಡವಿಕೊಂಡು ಎದ್ದೆ.

"ಮಾವ" ಅಂದ, ತಿರುಗದೆ. "ಡಾಕ್ಟ್ರು ಇನ್ ಮ್ಯಾಲೆ ನಾನು ಊದ್ಕೂಡ್ದು ಅಂದ್ಬುಟ್ಟವ್ರೆ. ಬದುಕಿರಾಗಂಟ. ಅವಳ್ಗೆ ಬರೀನಿಲ್ಲ."

ನಾನು ಮಂಚದ ತುದಿಯಲ್ಲಿ ಕೂತೆ. ಅವನು ಈ ಕಡೆ ಹೊರಳಿದ. ಕಣ್ಣು ಒದ್ದೆಯಾಗಿತ್ತು.

"ಆ ಸೋದರಮಾವ ಕಿತ್ಕೊಂಡ್ನಲ್ಲ, ಆಮ್ಯಾಲೂ ಊದುದ್ಲಾ?"

"ಊದುದ್ಲು ಕಣಪ್ಪ."

"ನಾನ್ ಊರ್ಗೆ ಓದ್ ಮ್ಯಾಲೆ ಊದಾದ್ ಬುಟ್ಬುಡ್ತಾಳಾ?"

"ಅದ್ನ ಅವಳ್ನೇ ಕೇಳು."

"ಬುಡ್ಬ್ಯಾಡ ಅನ್ನು ಮಾವ." ಕೈಬೆರಳು ನೋಡಿಕೊಂಡು, "ಡ್ರಮ್ ಬಾರುಸಕ್ಕೆ ಉಸ್ರು ಬ್ಯಾಡ ಅಲ್ವಾ?" ಎಂದ.

ಬೇಡ, ಕೈ ಸಾಕು ಎಂದೆ.

ಅವನು ಮಂಚದ ಕಬ್ಬಿಣದ ಮೇಲೆ ಬೆರಳಿನಿಂದ ಬಡಿಯತೊಡಗಿದ. ಪಕ್ಕದ ಮಂಚದವರು ತಿರುಗಿ ನೋಡಿದರು. ತಾಳ ತಪ್ಪಿತ್ತು ಹೊನ್ನಾ. ನಾನು ತಿದ್ದಲಿಲ್ಲ.

ಕೆಂಚಯ್ಯ